ವಿಮಾ ಪ್ರತಿನಿಧಿಯಾಗುವ ಬಗೆ: ಕೊಚ್ಚಿ, ತಿರುವನಂತಪುರಗಳ ಕನ್ನಡ ಯುವಜನರಿಗೆ

2018ರ ಆಗಸ್ಟ್ ತಿಂಗಳಲ್ಲಿ ಪೆರಿಯಾರ್ ನದಿಯು ದಡಮೀರಿ ಆಲುವಾ ಪಟ್ಟಣಕ್ಕೂ ನೆಡುಂಬಾಶ್ಶೇರಿಯ ವಿಮಾನ ನಿಲ್ದಾಣಕ್ಕೂ ನುಗ್ಗಿದಾಗ, ನೀರು ಹೊಕ್ಕ ಕಾರನ್ನು ಚಾಲೂ ಮಾಡಲೆಳಸಬೇಡಿ, ಹಾಗೆ ಮಾಡಿ ಎಂಜಿನ್ ಕೆಟ್ಟರೆ ಸಾಮಾನ್ಯ ಪಾಲಿಸಿಯಲ್ಲಿ ಆ ನಷ್ಟ ದೊರೆಯುವುದು ದುರ್ಲಭ ಎಂದು ಸಕಾಲದಲ್ಲಿ ಎಚ್ಚರಿಸಬಲ್ಲ ಪ್ರತಿನಿಧಿಯುಳ್ಳ ಮನೆಗೂ ಅಂಥವರಿಲ್ಲದ ಮನೆಗೂ ಎಷ್ಟು ಅಂತರವಿದ್ದಿರಬೇಕೆಂದು ಚಿಂತಿಸಿದರೆ, ವಿಮಾ ಮಾರಾಟವೆಂಬ ವೃತ್ತಿಯ ಮೌಲ್ಯವು ಮಾರಾಟದ ದಿನದಲ್ಲಿಲ್ಲ, ಆಪತ್ತಿನ ದಿನದಲ್ಲಿದೆ ಎಂಬುದು ಮನವರಿಕೆಯಾಗುತ್ತದೆ.

ವಿಮೆಯು ನಮ್ಮ ಕಡೆಗೆ ಹೊಸದೇನಲ್ಲ: ಮೈಸೂರು ಸಂಸ್ಥಾನವು 1891ರಲ್ಲಿಯೇ ತನ್ನ ನೌಕರರಿಗಾಗಿ ವಿಮೆಯನ್ನು ಆರಂಭಿಸಿತು. ತಿರುವಾಂಕೂರೂ ಆ ಶತಮಾನದ ಅಂತ್ಯಭಾಗದಲ್ಲಿ ಅದೇ ದಾರಿಯನ್ನು ಹಿಡಿಯಿತು. ಆದರೆ ಅಂಗಡಿಕಾರರ, ಕೂಲಿಕಾರರ ಹೊಸ್ತಿಲಿಗೆ ವಿಮೆಯನ್ನು ಕೊಂಡೊಯ್ದವರು, 1956ರ ಸೆಪ್ಟೆಂಬರ್ 1ರಂದು ಭಾರತೀಯ ಜೀವ ವಿಮಾ ನಿಗಮವು ಸ್ಥಾಪಿತವಾದ ತರುವಾಯ ಊರೂರು ನಡೆದ ಪ್ರತಿನಿಧಿಗಳು. ಕನ್ನಡ, ತುಳು, ಮಲಯಾಳಂಗಳನ್ನು ಬಾಲ್ಯದಿಂದಲೇ ಆಡಬಲ್ಲ ಕಾಸರಗೋಡಿನ ತರುಣ ತರುಣಿಯರು ಕೊಚ್ಚಿ, ತಿರುವನಂತಪುರಗಳಲ್ಲಿ ಇಂಥ ಕೆಲಸಕ್ಕೆ ವಿಶೇಷವಾಗಿ ಯೋಗ್ಯರೆಂದು ನನ್ನ ದೃಢವಾದ ಅಭಿಪ್ರಾಯ.

ಅರ್ಹತೆ ಕಠಿನವಲ್ಲ: ಹದಿನೆಂಟು ವರ್ಷ ತುಂಬಿರಬೇಕು, ಹತ್ತನೆಯ ತರಗತಿ ತೇರ್ಗಡೆಯಾಗಿರಬೇಕು. ಮೊದಲು ಕಂಪನಿಯನ್ನು ಆರಿಸಿಕೊಳ್ಳಿ; ಒಬ್ಬ ಪ್ರತಿನಿಧಿಯು ಒಂದು ಜೀವ ವಿಮಾ ಕಂಪನಿ, ಒಂದು ಸಾಮಾನ್ಯ ವಿಮಾ ಕಂಪನಿ, ಒಂದು ಆರೋಗ್ಯ ವಿಮಾ ಕಂಪನಿಗೆ ಏಕಕಾಲದಲ್ಲಿ ದುಡಿಯಬಹುದಾದರೂ ಎರಡು ಜೀವ ವಿಮಾ ಕಂಪನಿಗಳಿಗೆ ದುಡಿಯುವಂತಿಲ್ಲ. ಬಳಿಕ ಕಂಪನಿಯ ಮೂಲಕ ತರಬೇತಿ ಮತ್ತು ಪರೀಕ್ಷೆ: ಒಂದು ಗಂಟೆ, 50 ಪ್ರಶ್ನೆಗಳು, ಉತ್ತೀರ್ಣತೆಗೆ ಶೇಕಡಾ 35 ಅಂಕ. ಇದಕ್ಕೆ ಅಂಜಬೇಕಾದುದಿಲ್ಲ.

ಅಂಜಬೇಕಾದುದು ಮೊದಲ ಎರಡು ವರ್ಷಗಳಿಗೆ. ಈ ವೃತ್ತಿಯಲ್ಲಿ ಸಂಬಳವಿಲ್ಲ, ಕಮಿಷನ್ ಮಾತ್ರ. ಆದುದರಿಂದ ಕೈಯಲ್ಲಿರುವ ಬೇರೆ ವರಮಾನವನ್ನು ಅವಸರದಲ್ಲಿ ಬಿಡಬೇಡಿ. ಜೀವ ವಿಮೆಯಲ್ಲಿ ಗ್ರಾಹಕನು ವರ್ಷವರ್ಷವೂ ಕಂತು ಕಟ್ಟುತ್ತ ಹೋದಷ್ಟು ಕಾಲ ಪ್ರತಿನಿಧಿಗೆ ನವೀಕರಣದ ಕಮಿಷನ್ ಬರುತ್ತಿರುವುದರಿಂದ, ಅವನ ಶಕ್ತಿಗೆ ಮೀರಿದ ಪಾಲಿಸಿಯನ್ನು ಒತ್ತಾಯದಿಂದ ಕೊಡಿಸಿ ಎರಡನೆಯ ವರ್ಷವೇ ಅದು ರದ್ದಾಗುವಂತೆ ಮಾಡುವವನು ಗ್ರಾಹಕನ ಹಣವನ್ನೂ ತನ್ನ ಮುಂದಿನ ವರ್ಷಗಳ ಜೀವನೋಪಾಯವನ್ನೂ ಒಟ್ಟಿಗೇ ಕಳೆಯುತ್ತಾನೆ.

ಇನ್ನು ಕ್ಷೇತ್ರ. ಕೊಚ್ಚಿ ಬಂದರಿನ ಊರಾದುದರಿಂದ ಮಟ್ಟಾಂಚೇರಿಯ ಸಾಂಬಾರ ವ್ಯಾಪಾರಿಗಳ ಸರಕು, ದೋಣಿ, ಗೋದಾಮುಗಳ ವಿಮೆಯನ್ನು ಕಲಿತವರಿಗೆ ಅಲ್ಲಿ ಕೆಲಸವುಂಟು. ತಿರುವನಂತಪುರದ ರಾಜ್ಯ ಸರ್ಕಾರಿ ನೌಕರನಿಗಾದರೋ ರಾಜ್ಯ ವಿಮಾ ಇಲಾಖೆಯ ಪಾಲಿಸಿಯೂ, 2022ರ ಜುಲೈ 1ರಿಂದ ಜಾರಿಯಾದ ಮೆಡಿಸೆಪ್ ಆರೋಗ್ಯ ವಿಮೆಯೂ ಆಗಲೇ ಇರುತ್ತವೆ. ಈಗಿರುವುದೇನು, ಸಾಲದಿರುವುದೇನು ಎಂದು ಮೊದಲು ಕೇಳಿ ತಿಳಿಯಿರಿ. ಕಳಕ್ಕೂಟ್ಟಂನ ಟೆಕ್ನೋಪಾರ್ಕಿನಲ್ಲಿ ದುಡಿಯುವವನನ್ನೂ ಹಾಗೆಯೇ ಕೇಳಬೇಕು: ಕಂಪನಿಯು ಕೊಡಿಸಿದ ಸಾಮೂಹಿಕ ವಿಮೆಯು ಸಾಮಾನ್ಯವಾಗಿ ಕೆಲಸದೊಂದಿಗೇ ಮುಗಿಯುತ್ತದೆ.

ಪ್ರಸ್ತಾವನಾ ಪತ್ರವನ್ನು ತುಂಬಿಸುವಾಗ ಸಕ್ಕರೆ ಕಾಯಿಲೆಯನ್ನಾಗಲಿ ಹಳೆಯ ಶಸ್ತ್ರಚಿಕಿತ್ಸೆಯನ್ನಾಗಲಿ ಮುಚ್ಚಿಡಲು ಬಿಡಬೇಡಿ. ವಿಮಾ ಕಾಯಿದೆಯ 45ನೆಯ ವಿಧಿಯಂತೆ ಮೂರು ವರ್ಷ ಕಳೆದ ಜೀವ ವಿಮಾ ಪಾಲಿಸಿಯನ್ನು ಕಂಪನಿಯು ಪ್ರಶ್ನಿಸಲಾಗದು. ಆ ಅವಧಿಯೊಳಗೆ ಸಾವು ಸಂಭವಿಸಿದರೆ ಮರೆಮಾಚಿದ ಒಂದು ರೋಗವು ವಿಧವೆಯ ಕೈಯಿಂದ ಹಣವನ್ನು ಕಸಿಯಬಲ್ಲದು. ಗ್ರಾಹಕನಿಗೆ ಕಮಿಷನ್ನಿನಲ್ಲಿ ಪಾಲು ಕೊಡುವುದೂ ಬೇಡ. 41ನೆಯ ವಿಧಿಯು ಅದನ್ನು ಕೊಡುವುದನ್ನೂ ಪಡೆಯುವುದನ್ನೂ ನಿಷೇಧಿಸುತ್ತದೆ.

ಕ್ಲೇಮು ತಿರಸ್ಕೃತವಾದರೆ ಗ್ರಾಹಕನಿಂದ ಮೊದಲು ಕಂಪನಿಗೆ ಲಿಖಿತ ದೂರು ಕೊಡಿಸಿ; ಒಂದು ತಿಂಗಳಲ್ಲಿ ಉತ್ತರ ಬಾರದಿದ್ದರೆ, ಅಥವಾ ಬಂದ ಉತ್ತರ ಸಮಾಧಾನಕರವಾಗಿಲ್ಲದಿದ್ದರೆ, ಕೇರಳ, ಲಕ್ಷದ್ವೀಪ, ಮಾಹೆಗಳಿಗೆ ಸಂಬಂಧಿಸಿದ ವಿಮಾ ಒಂಬುಡ್ಸ್‌ಮನ್ ಕಚೇರಿಯು ಕೊಚ್ಚಿಯಲ್ಲಿಯೇ ಇದೆ. ಅಲ್ಲಿ ಶುಲ್ಕವಿಲ್ಲ. ದೂರನ್ನು ಪಾಲಿಸಿದಾರನೋ ವಾರಸುದಾರನೋ ನಾಮಿನಿಯೋ ಕೊಡಬೇಕಲ್ಲದೆ ವಕೀಲನಾಗಲಿ ಪ್ರತಿನಿಧಿಯಾಗಲಿ ಅವರ ಪರವಾಗಿ ಕೊಡುವಂತಿಲ್ಲ. ಆದರೂ ಪಾಲಿಸಿ, ರಸೀತಿ, ಆಸ್ಪತ್ರೆಯ ಕಾಗದ, ಕಂಪನಿಯ ಪತ್ರಗಳನ್ನು ದಿನಾಂಕದ ಕ್ರಮದಲ್ಲಿ ಜೋಡಿಸಿಕೊಡುವ ಕೆಲಸ ಪ್ರತಿನಿಧಿಯದೇ.