ಕಾರು ತೂಗ್ತಾ ಇದ್ರೆ ಸೀಟು ಮೆತ್ತಗಿದೆ ಅಂತಲ್ಲ!

ಕಳೆದ ಸೆಮಿಸ್ಟರ್ ರಜೆಯಲ್ಲಿ ನಾವು ನಾಲ್ವರು, ಗೆಳೆಯನ ಅಪ್ಪನ ಹಳೇ ಹ್ಯಾಚ್‌ಬ್ಯಾಕ್ ತಗೊಂಡು ಚಾರ್ಮಾಡಿ ಘಾಟಿ ಇಳಿದು ಧರ್ಮಸ್ಥಳಕ್ಕೆ ಹೋಗಿದ್ವಿ. ಹಂಪ್ ದಾಟಿದ ಮೇಲೂ ಕಾರು ಎರಡು-ಮೂರು ಸಲ ತೊಟ್ಟಿಲ ಹಾಗೆ ತೂಗುತ್ತಿತ್ತು. "ಸೀಟು ಮೆತ್ತಗಿದೆ ಬಿಡೋ" ಅಂತ ನಕ್ಕಿದ್ದೂ ಆಯ್ತು. ಘಾಟಿಯ ಒಂದು ತಿರುವಿನಲ್ಲಿ ರಸ್ತೆ ಕಿತ್ತುಹೋಗಿತ್ತು. ಬ್ರೇಕ್ ಒತ್ತಿದರೆ ಮೂತಿ ಕುಕ್ಕಿತು, ಟೈರು ನೆಲ ಬಿಟ್ಟು ಬಿಟ್ಟು ಹಾರಿತು. ಅಂದುಕೊಂಡ ಜಾಗದಲ್ಲಿ ಕಾರು ನಿಲ್ಲಲೇ ಇಲ್ಲ. ಯಾರಿಗೂ ಏನೂ ಆಗಲಿಲ್ಲ. ನಗು ಮಾತ್ರ ನಿಂತುಹೋಯಿತು.

ವಾಪಸ್ ಬಂದವರೇ ಕಾರಿನ ಕೆಳಗೆ ಬಗ್ಗಿ ನೋಡಿದ್ವಿ. ಅಲ್ಲಿ ಕಲಿತದ್ದು ಇದು.

ಯಾರ ಕೆಲಸ ಯಾವುದು?

ಗ್ಯಾರೇಜುಗಳಲ್ಲಿ 'ಶಾಕ್ ಅಬ್ಸರ್ವರ್' ಅಂತ ಕರೆಸಿಕೊಳ್ಳುವ ಈ ಶಾಕ್ ಅಬ್ಸಾರ್ಬರ್, ನಿಜವಾಗಿ ಏಟು ತಿನ್ನುವ ಭಾಗವಲ್ಲ. ಕಾರಿನ ಭಾರ ಹೊರುವುದು, ಗುಂಡಿಯ ಏಟು ತಿನ್ನುವುದು ಸ್ಪ್ರಿಂಗ್. ಆದರೆ ಸ್ಪ್ರಿಂಗ್ ತಿಂದದ್ದನ್ನು ಇಟ್ಟುಕೊಳ್ಳಲ್ಲ, ವಾಪಸ್ ಕೊಡುತ್ತೆ. ಹಾಗೆ ವಾಪಸ್ ಬರುವ ಶಕ್ತಿಯನ್ನು ಶಾಕ್ ಹಿಡಿಯುತ್ತೆ. ಒಳಗಿನ ಪಿಸ್ಟನ್ನಿನ ಸಣ್ಣ ವಾಲ್ವುಗಳ ಮೂಲಕ ಎಣ್ಣೆ ಬಲವಂತವಾಗಿ ಹಾಯುತ್ತದೆ, ಚಲನೆ ಶಾಖವಾಗುತ್ತದೆ. ಸೀಲ್ ಹರಿದು ಎಣ್ಣೆ ಸೋರಿದರೆ, ವಾಲ್ವ್ ಸವೆದರೆ ಈ ತಡೆ ಹೋಯಿತು.

ವೈಬ್ರೇಶನ್ ಕ್ಲಾಸಿನ ಲೆಕ್ಕ ಇಲ್ಲಿ ಕೆಲಸಕ್ಕೆ ಬರುತ್ತೆ. ಒಂದು ಚಕ್ರದ ಪಾಲಿಗೆ 250 ಕೆಜಿ, ಸ್ಪ್ರಿಂಗಿನ ಬಿಗಿ ಮೀಟರಿಗೆ 20,000 ನ್ಯೂಟನ್ ಅಂತ ಇಟ್ಟುಕೊಳ್ಳಿ. ಕಾರು ಸೆಕೆಂಡಿಗೆ ಸುಮಾರು 1.4 ಸಲ ತೂಗುತ್ತದೆ. ಡ್ಯಾಂಪಿಂಗ್ ರೇಶಿಯೋ 0.3 ಇದ್ದರೆ ಒಂದು ಪೂರ್ತಿ ತೂಗಾಟದ ನಂತರ ಉಳಿಯುವುದು ಶೇ. 14 ಮಾತ್ರ. ಅದೇ 0.1ಕ್ಕೆ ಇಳಿದರೆ ಶೇ. 53 ಉಳಿಯುತ್ತೆ! ಒಳ್ಳೆಯ ಶಾಕ್ ಒಂದು ತೂಗಾಟದಲ್ಲಿ ಮುಗಿಸುವುದನ್ನು ಸವೆದದ್ದು ಮೂರರಲ್ಲಿ ಮುಗಿಸುತ್ತೆ. ಅಷ್ಟು ಹೊತ್ತು ಟೈರು ನೆಲವನ್ನು ಒಂದೇ ಸಮ ಒತ್ತುವುದಿಲ್ಲ. ಒತ್ತದ ಟೈರಿಗೆ ಹಿಡಿತವಿಲ್ಲ, ಹಿಡಿತವಿಲ್ಲದೆ ಬ್ರೇಕ್ ಎಷ್ಟು ಚೆನ್ನಾಗಿದ್ದರೇನು?

ಪತ್ತೆ ಹೇಗೆ?

ಮೊದಲು, ಕಾರಿನ ಒಂದೊಂದು ಮೂಲೆಯನ್ನೂ ಜೋರಾಗಿ ಒತ್ತಿ ಬಿಡಿ. ಮೇಲೆದ್ದು ನಿಂತರೆ ಸರಿ, ಮತ್ತೆ ಮತ್ತೆ ತೂಗಿದರೆ ಶಾಕ್ ಹೋಗಿದೆ. ಆದರೆ ಇದರಲ್ಲಿ ಪಾಸಾದ ಮಾತ್ರಕ್ಕೆ ಶಾಕ್ ಚೆನ್ನಾಗಿದೆ ಅನ್ನುವಂತಿಲ್ಲ. ಕೈಯಲ್ಲಿ ಒತ್ತುವ ವೇಗ ಗುಂಡಿಯ ಏಟಿನ ವೇಗಕ್ಕೆ ಸಮವಲ್ಲ.

ಆಮೇಲೆ ಶಾಕಿನ ಮೈ ನೋಡಿ. ಎಣ್ಣೆಯ ತೆಳು ಪಸೆ ಇದ್ದರೆ ಹೆದರಬೇಡಿ. ಎಣ್ಣೆ ಇಳಿದು ಧೂಳು ಮೆತ್ತಿಕೊಂಡಿದ್ದರೆ ಬದಲಿಸಲೇಬೇಕು. ಟೈರಿನ ಮೇಲೆ ಅಂಗೈ ಆಡಿಸಿ: ಅಲ್ಲಲ್ಲಿ ಬಟ್ಟಲಿನಂತೆ ಸವೆದಿದ್ದರೆ ಅದೂ ಸಾಕ್ಷಿ.

ಬರೀ ಟಕ್ ಟಕ್ ಸದ್ದು ಬಂದರೆ ಶಾಕಿಗೆ ದುಡ್ಡು ಸುರಿಯಬೇಡಿ. ಸ್ಟೆಬಿಲೈಸರ್ ಲಿಂಕ್, ಬುಷ್, ಮೇಲಿನ ಮೌಂಟ್ ನೋಡಿ. ಕಾರು ಒಂದು ಕಡೆ ಕುಸಿದು ನಿಂತಿದ್ದರೆ ಮೊದಲ ಅನುಮಾನ ಸ್ಪ್ರಿಂಗಿನ ಮೇಲೆ.

ಹಿಂದಿನದು ನಾವು ಮಾಡಿದ್ವಿ

ನಮ್ಮ ಕಾರಿನಲ್ಲಿ ಹಿಂದಿನ ಬಲಗಡೆಯದು ಸೋರುತ್ತಿತ್ತು. ಆದರೂ ಎರಡೂ ಬದಲಿಸಿದ್ವಿ. ಒಂದು ಹೊಸದು, ಒಂದು ಹಳೇದು ಇದ್ದರೆ ಎಡ-ಬಲ ಒಂದೇ ರೀತಿ ನಡೆದುಕೊಳ್ಳಲ್ಲ.

ಹಿಂದಿನ ಚಕ್ರ ಎತ್ತಿದ ಮೇಲೆ ಹ್ಯಾಂಡ್‌ಬ್ರೇಕ್ ನಂಬಬೇಡಿ, ಅದು ಹಿಡಿಯುವುದೇ ಹಿಂದಿನ ಚಕ್ರಗಳನ್ನು! ಮುಂದಿನ ಚಕ್ರಗಳಿಗೆ ಎರಡೂ ಕಡೆ ಅಡ್ಡ ಕೊಡಿ. ಕಾರು ಜಾಕಿಯ ಮೇಲಲ್ಲ, ಸ್ಟ್ಯಾಂಡಿನ ಮೇಲೆ ನಿಲ್ಲಬೇಕು. ಇಟ್ಟಿಗೆ ಬೇಡವೇ ಬೇಡ. ನಮ್ಮ ಕಾರಿನಲ್ಲಿ ಹಿಂದಿನ ಸ್ಪ್ರಿಂಗ್ ಮತ್ತು ಶಾಕ್ ಬೇರೆ ಬೇರೆ. ಬೋಲ್ಟ್ ಬಿಚ್ಚುವ ಮೊದಲು ಆಕ್ಸಲ್ ಕೆಳಗೆ ಇನ್ನೊಂದು ಜಾಕಿ ಕೊಟ್ಟೆವು. ಇಲ್ಲದಿದ್ದರೆ ಆಕ್ಸಲ್ ಜೋತುಬಿದ್ದು ಬ್ರೇಕ್ ಹೋಸ್ ಎಳೆದುಕೊಳ್ಳುತ್ತೆ.

ಹೊಸ ಶಾಕನ್ನು ನೆಟ್ಟಗೆ ಹಿಡಿದು ನಾಲ್ಕೈದು ಸಲ ಪೂರ್ತಿ ಒತ್ತಿ ಎಳೆದರೆ ಒಳಗೆ ಸೇರಿದ ಗಾಳಿ ಜಾಗ ಬಿಡುತ್ತೆ. ಹೊಳೆಯುವ ರಾಡನ್ನು ಇಕ್ಕಳದಲ್ಲಿ ಹಿಡಿಯಬೇಡಿ. ಒಂದು ಗೀರು ಬಿದ್ದರೂ ಸೀಲ್ ಹರಿಯುತ್ತೆ. ರಬ್ಬರ್ ಬುಷ್ ಇರುವ ಬೋಲ್ಟನ್ನು ಆಕ್ಸಲ್ ತನ್ನ ಮಾಮೂಲಿ ಎತ್ತರಕ್ಕೆ ಬಂದ ಮೇಲೆಯೇ ಕೊನೆಯ ಬಿಗಿ ಮಾಡಬೇಕು. ಜೋತಾಡುವಾಗ ಬಿಗಿದರೆ ರಬ್ಬರ್ ಸದಾ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತೆ. ಎಷ್ಟು ಬಿಗಿ ಅನ್ನುವುದಕ್ಕೆ ಕಾರಿನ ಸರ್ವಿಸ್ ಮ್ಯಾನ್ಯುಯಲ್ ನೋಡಿ, ಟಾರ್ಕ್ ರೆಂಚ್ ಬಳಸಿ.

ಮುಂದಿನದು ಮಾಡಲಿಲ್ಲ

ಮುಂದೆ ಮ್ಯಾಕ್‌ಫರ್ಸನ್ ಸ್ಟ್ರಟ್. ಅಲ್ಲಿ ಶಾಕಿನ ಸುತ್ತಲೇ ಸ್ಪ್ರಿಂಗ್ ಅದುಮಿ ಕೂತಿರುತ್ತೆ. ಮೇಲಿನ ನಡುವಿನ ನಟ್ ಅದನ್ನು ಹಿಡಿದಿಟ್ಟಿರುತ್ತೆ. ಸ್ಪ್ರಿಂಗ್ ಕಂಪ್ರೆಸರ್ ಹಾಕದೆ ಆ ನಟ್ ಬಿಚ್ಚಿದರೆ ಸ್ಪ್ರಿಂಗ್ ಸಿಡಿದು ಮುಖ, ಕೈ ಹೋಗಬಹುದು. ಒಬ್ಬರಿಗೆ ಅನುಭವವಿಲ್ಲ, ಸರಿಯಾದ ಕಂಪ್ರೆಸರ್ರೂ ಇಲ್ಲ. ಹಾಗಾಗಿ ಅದನ್ನು ಗ್ಯಾರೇಜಿಗೆ ಬಿಟ್ಟು, ಪಕ್ಕದಲ್ಲಿ ನಿಂತು ನೋಡಿದ್ವಿ. ಇದರಲ್ಲಿ ನಾಚಿಕೆ ಏನೂ ಇಲ್ಲ. ಸ್ಟ್ರಟ್ ಬಿಚ್ಚಿ ಹಾಕಿದ ಮೇಲೆ ಚಕ್ರದ ಕೋನ ಬದಲಾಗಿರುತ್ತೆ, ವೀಲ್ ಅಲೈನ್‌ಮೆಂಟ್ ಮಾಡಿಸಲೇಬೇಕು.

ಎಲ್ಲ ಮುಗಿದ ಮೇಲೆ ಮೂಲೆ ಒತ್ತಿ ಬಿಟ್ಟರೆ ಕಾರು ಒಮ್ಮೆ ಎದ್ದು ಸುಮ್ಮನೆ ನಿಂತಿತು. ಗೆಳೆಯನ ಅಪ್ಪ ಓಡಿಸಿ ಬಂದು, "ಇಷ್ಟು ದಿನ ರಸ್ತೆ ಕೆಟ್ಟಿದೆ ಅಂದ್ಕೊಂಡಿದ್ದೆ ಕಣ್ರೋ" ಅಂದರು. ಶಾಕ್ ಒಂದೇ ದಿನ ಕೆಡಲ್ಲ, ದಿನಾ ಸ್ವಲ್ಪ ಸ್ವಲ್ಪ ಸವೆಯುತ್ತೆ. ದಿನಾ ಓಡಿಸುವವರಿಗೆ ಅದು ಅಭ್ಯಾಸವಾಗಿ ಹೋಗಿರುತ್ತೆ. ಮುಂದಿನ ಸಲ ಊರಿಗೆ ಹೋದಾಗ ಮನೆ ಕಾರಿನ ನಾಲ್ಕೂ ಮೂಲೆ ಒತ್ತಿ ನೋಡಿ. ಐದು ನಿಮಿಷದ ಕೆಲಸ.