ಸೈಕಲ್ಲಿಗಿಂತ ಸೀಟು ದುಬಾರಿಯಾದಾಗ

ಹಳೇ ಸೈಕಲ್ಲಿಗೆ ದುಡ್ಡು ಹಾಕುವವರು ಅದನ್ನು ಖರ್ಚಿನ ಖಾತೆಗೇ ಬರೆದುಕೊಳ್ಳಬೇಕು. ಹೂಡಿಕೆ ಅಂತ ಮನೆಯವರ ಬಾಯಿ ಮುಚ್ಚಿಸಬಹುದು, ಲೆಕ್ಕದ ಪುಸ್ತಕ ಒಪ್ಪುವುದಿಲ್ಲ.

ನಮ್ಮ ಮನೆಯಲ್ಲಿರುವುದು ಅಸನ್ಸೋಲ್‌ನ ಸೆನ್-ರ‍್ಯಾಲಿ ಕಾರ್ಖಾನೆಯ ಕಾಲದ ಕಪ್ಪು ಸೈಕಲ್ಲು. ಫ್ರೇಮು, ಮಡ್‌ಗಾರ್ಡು ಇನ್ನೂ ಗಟ್ಟಿ. ಸೀಟಿನ ಚರ್ಮ ಮಾತ್ರ ಸೀಳಿ, ಸ್ಪ್ರಿಂಗು ಮತ್ತು ಕಬ್ಬಿಣದ ಚೌಕಟ್ಟು ಉಳಿದಿತ್ತು. ತಿಪಟೂರಿನಲ್ಲಿ ನಾನೂರು ರೂಪಾಯಿಗೆ ರೆಗ್ಜಿನ್ ಹೊದಿಸಿದ ಸ್ಪಂಜಿನ ಸೀಟು ಸಿಗುತ್ತದೆ. ಇಂಗ್ಲೆಂಡಿನ ಬ್ರೂಕ್ಸ್ ಚರ್ಮದ ಸೀಟಾದರೆ ಹತ್ತು ಸಾವಿರದ ಸುತ್ತಮುತ್ತ. ಇವೆರಡೂ ಬೇಡವೆಂದು, ಹಳೇ ಚೌಕಟ್ಟಿಗೇ ಹೊಸ ಚರ್ಮ ಕೂರಿಸಿಕೊಡಲು ಚಪ್ಪಲಿ ಹೊಲಿಯುವ ಒಬ್ಬ ಹಿರಿಯರನ್ನು ಕೇಳಿದೆ. 2,800 ರೂಪಾಯಿಗೆ ಒಪ್ಪಿದರು.

ಅಟ್ಟದಿಂದ ಕೊಬ್ಬರಿ ಇಳಿಸುತ್ತಿದ್ದ ಚಿಕ್ಕಪ್ಪ ಕೇಳಿಸಿಕೊಂಡು, "ಏನ್ಲಾ, ಕುದುರೆಗಿಂತ ಜೀನೇ ದುಬಾರಿ ಆಯ್ತಲ್ಲ!" ಅಂದರು. ಅವರ ಮಾತು ಪೂರ್ತಿ ತಮಾಷೆಯೂ ಅಲ್ಲ. ಬ್ರೂಕ್ಸ್ ಕಂಪನಿ 1866ರಲ್ಲಿ ಬರ್ಮಿಂಗ್‌ಹ್ಯಾಮ್‌ನಲ್ಲಿ ಶುರುವಾದದ್ದೇ ಕುದುರೆಯ ಚರ್ಮದ ಸಾಮಾನು ಮಾಡುವುದಕ್ಕೆ. ಸೈಕಲ್ ಸೀಟಿಗೆ ಪೇಟೆಂಟ್ ಪಡೆದದ್ದು 1882ರಲ್ಲಿ. ಚಿಕ್ಕಪ್ಪನಿಗೆ ಅರ್ಥವಾಗುವುದು ಕೊಬ್ಬರಿ ಲೆಕ್ಕ. 2025ರ ಬೆಂಬಲ ಬೆಲೆ ಉಂಡೆ ಕೊಬ್ಬರಿ ಕ್ವಿಂಟಲಿಗೆ 12,100 ರೂಪಾಯಿ. ಆ ದರದಲ್ಲಿ ಬ್ರೂಕ್ಸ್ ಸೀಟೆಂದರೆ ಎಂಬತ್ತು ಕಿಲೋಗೂ ಮೇಲೆ, ನನ್ನದು ಇಪ್ಪತ್ಮೂರು ಕಿಲೋ. "ಹಂಗಾದ್ರೆ ಮಾಡುಸ್ಕೊ" ಅಂತ ಒಳಗೆ ಹೋದರು.

ಹಿರಿಯರು ಆರಿಸಿದ್ದು ತೊಗಟೆಯಲ್ಲಿ ಹದ ಮಾಡಿದ ದಪ್ಪ ಚರ್ಮ. ತಂಗಡಿ ತೊಗಟೆ, ಅಳಲೆಕಾಯಿಯ ಹದವಾದರೆ ನೆನೆಸಿ ಅಚ್ಚಿಗೆ ಎಳೆದಾಗ ಬಂದ ಆಕಾರ ಒಣಗಿದ ಮೇಲೂ ನಿಲ್ಲುತ್ತದೆ. ಕ್ರೋಮ್ ಹದದ ಮೆದು ಚರ್ಮ ಬ್ಯಾಗಿಗೆ ಸರಿ, ಸೀಟಿಗಾದರೆ ಜೋತುಬೀಳುತ್ತದೆ. ಒದ್ದೆ ಚರ್ಮವನ್ನು ಮರದ ದಿಮ್ಮಿಯ ಮೇಲೆ ಬಿಗಿದು, ಒಣಗಿಸಿ, ಅಂಚು ಕೆತ್ತಿ, ತಾಮ್ರದ ರಿವಿಟ್‌ಗಳನ್ನು ಒಂದೊಂದಾಗಿ ಬಡಿದು ಕೂರಿಸಿದರು. ಅರ್ಧ ದುಡ್ಡು ಮೊದಲು, ಮಿಕ್ಕಿದ್ದು ಓಡಿಸಿ ನೋಡಿದ ಮೇಲೆ ಎಂಬುದು ನಮ್ಮ ಕರಾರು. ನಾನು ಅದನ್ನು ಕೇಳುವಾಗ ಸಂಕೋಚಪಟ್ಟಿದ್ದೆ, ಅವರಿಗೇನೂ ಅನ್ನಿಸಲಿಲ್ಲ.

ಕೆ.ಬಿ. ಕ್ರಾಸಿನಿಂದ ತಿಪಟೂರಿಗೆ ಬಿ.ಎಚ್. ರಸ್ತೆಯಲ್ಲಿ ಓಡಿಸಿದೆ. ಮೊದಮೊದಲು ಹಲಗೆಯ ಮೇಲೆ ಕೂತಂತೆ. ರಿವಿಟ್ ಸಡಿಲಾಗಿದೆಯೇ, ಹೆಬ್ಬೆರಳಲ್ಲಿ ಒತ್ತಿದರೆ ಚರ್ಮ ಎದ್ದು ಬರುತ್ತದೆಯೇ ಅಂತ ಪ್ರತಿ ಸಲ ನೋಡುತ್ತಿದ್ದೆ. ಬರಬರುತ್ತ ಕೂರುವ ಮೂಳೆಗಳ ಜಾಗದಲ್ಲಿ ಎರಡು ಸಣ್ಣ ಗುಳಿ ಬಿದ್ದವು. ಆಮೇಲೆ ನೋವಿಲ್ಲ. ಸೀಟಿನ ಮೂತಿಯ ಕೆಳಗಿನ ನಟ್ಟನ್ನು ಅರ್ಧ ಸುತ್ತು ಬಿಗಿದು, ಬಾಕಿ ಹಣ ಕೊಟ್ಟೆ. ಕೊಬ್ಬರಿ ಎಣ್ಣೆ ಬಳಿ ಅಂತ ಊರಲ್ಲಿ ಎಲ್ಲರದೂ ಸಲಹೆ. ಎಣ್ಣೆ ಎಲ್ಲರ ಮನೆಯಲ್ಲೂ ಇದೆಯಲ್ಲ. ಎಣ್ಣೆ ಕುಡಿದ ಚರ್ಮ ತೊಟ್ಟಿಲಾಗಿಬಿಡುತ್ತದೆ. ತೆಳುವಾಗಿ ಜೇನುಮೇಣ ಸಾಕು.

ಈಗ ಲೆಕ್ಕ. ದುಬಾರಿ ಸಾಮಾನು ಬಹಳ ವರ್ಷ ಬಾಳಿಕೆ ಬರುತ್ತದೆ, ಆದ್ದರಿಂದ ಕೊನೆಗೆ ಅದೇ ಅಗ್ಗ ಎಂಬ ವಾದ ಇಲ್ಲಿ ನಿಲ್ಲುವುದಿಲ್ಲ. ಹತ್ತು ಸಾವಿರವನ್ನು ಶೇ 7ರ ಠೇವಣಿಯಲ್ಲಿಟ್ಟರೆ ವರ್ಷಕ್ಕೆ 700 ರೂಪಾಯಿ ಬಡ್ಡಿ. ಅಸಲು ಮುಟ್ಟದೆ ಪ್ರತಿ ವರ್ಷ ಹೊಸ ರೆಗ್ಜಿನ್ ಸೀಟು ಹಾಕಿಸಿ, ಮೇಲೆ ಟೈರಿಗೂ ಒಂದಿಷ್ಟು ಉಳಿಸಬಹುದು. ನನ್ನ ಸೀಟು ಹದಿನೈದು ವರ್ಷ ಬಂದರೆ ಅಸಲಿನ ಪಾಲು, ಬಡ್ಡಿಯ ನಷ್ಟ ಸೇರಿ ವರ್ಷಕ್ಕೆ ಸುಮಾರು 380. ರೆಗ್ಜಿನ್ ಎರಡು ವರ್ಷ ಬಂದರೆ ವರ್ಷಕ್ಕೆ 200. ಅಂದರೆ ನಾನು ತಿಂಗಳಿಗೆ ಹದಿನೈದು ರೂಪಾಯಿ ಹೆಚ್ಚು ಕೊಡುತ್ತಿದ್ದೇನೆ, ಕ್ರಾಸಿನಲ್ಲಿ ಒಂದು ಕಾಫಿಯ ದುಡ್ಡು. ಉಳಿತಾಯ ಇಲ್ಲ, ಸುಖ ಇದೆ.

ದಿನಾ ತೋಟಕ್ಕೋ ಸಂತೆಗೋ ಸೈಕಲ್ ತುಳಿಯುವವರು ಈ ಹದಿನೈದು ರೂಪಾಯಿ ಧಾರಾಳವಾಗಿ ಕೊಡಿ, ಆದರೆ ಓಡಿಸಿ ನೋಡುವವರೆಗೆ ಅರ್ಧ ಹಣ ಜೇಬಲ್ಲೇ ಇರಲಿ. ಜಗಲಿಯ ಮೇಲೆ ನಿಲ್ಲಿಸಿ ಫೋಟೊ ತೆಗೆಯುವ ಸೈಕಲ್ಲಿಗೆ ನಾನೂರರ ಸೀಟೇ ಸಾಕು.