ಹುಲ್ಲು ಕತ್ತರಿಸುವ ಸವಾರಿ ಯಂತ್ರ: ಡೆಕ್ಕಿನ ಹೊಂದಿಕೆ ಮತ್ತು ಜೋಪಾನ

ಗಾಲ್ಫ್ ಮೈದಾನ, ಕ್ರೀಡಾಂಗಣ, ಕುದುರೆ ಪಂದ್ಯದ ಬಯಲು, ದೊಡ್ಡ ಕಾರ್ಖಾನೆಗಳ ಆವರಣ ಮೊದಲಾದ ಕಡೆಗಳಲ್ಲಿ ಮಾಲಿಯ ಕೆಲಸಕ್ಕೆ ಸೇರಿದವನ ಕೈಗೆ ಹಿಂದೆ ಕುಡುಗೋಲನ್ನು ಕೊಡುತ್ತಿದ್ದರು. ಈಗ ಹಲವು ಕಡೆ ಮೇಲೆ ಕುಳಿತು ಓಡಿಸುವ ಯಂತ್ರವನ್ನೇ ಒಪ್ಪಿಸುತ್ತಾರೆ. ಯಂತ್ರ ಹೊಸದಾದರೂ ಕಲಿಸುವ ಪರಿ ಹಳೆಯದೇ. “ಇದು ಗೇರು, ಇದು ಬ್ರೇಕು, ನಡೆ” ಎಂದು ಹತ್ತು ನಿಮಿಷ ತೋರಿಸಿ ಬಿಡುವುದುಂಟು. ಕೈಪಿಡಿ ಇಂಗ್ಲಿಷಿನಲ್ಲಿ ಅಚ್ಚಾಗಿ ಕಚೇರಿಯ ಕಪಾಟಿನೊಳಗೆ ಕುಳಿತಿರುತ್ತದೆ. ಯಂತ್ರವನ್ನು ಓಡಿಸಲು ಹತ್ತು ನಿಮಿಷದ ಪಾಠ ಸಾಕಾದೀತು. ಸರಿಯಾಗಿ ನಿಲ್ಲಿಸಲು ಸಾಲದು. ಬೆರಳು ಕಳೆದುಕೊಂಡವನಿಗೆ ಮರುದಿನ ಕೂಲಿಯಿಲ್ಲ, ಊರಿಗೆ ಮನಿಯಾರ್ಡರಿಲ್ಲ. ಆದುದರಿಂದ ಈ ಯಂತ್ರದ ಮುಖ್ಯ ಅಂಗವಾದ ಡೆಕ್ಕಿನ ವಿಷಯವನ್ನು ಇಲ್ಲಿ ಕ್ರಮವಾಗಿ ತಿಳಿದುಕೊಳ್ಳೋಣ.

1. ಯಂತ್ರದ ಹುಟ್ಟು

ಹುಲ್ಲು ಕತ್ತರಿಸುವ ಯಂತ್ರ ಹುಟ್ಟಿದ್ದು ಬಟ್ಟೆಯ ಗಿರಣಿಯಿಂದ ಎಂದರೆ ನಮ್ಮಲ್ಲಿ ಅನೇಕರಿಗೆ ಸೋಜಿಗವಾಗಬಹುದು. ಇಂಗ್ಲೆಂಡಿನ ಸ್ಟ್ರೌಡ್ ಊರಿನ ಸುತ್ತಮುತ್ತ ಉಣ್ಣೆಬಟ್ಟೆಯ ಗಿರಣಿಗಳಿದ್ದವು. ನೇಯ್ದ ಬಟ್ಟೆಯ ಮೇಲೆ ಎದ್ದು ನಿಂತ ನವಿರನ್ನು ಸಮನಾಗಿ ಸವರಲು ಅಲ್ಲಿ ತಿರುಗುವ ಅಲಗುಗಳ ಒಂದು ಯಂತ್ರವಿತ್ತು. ಬಟ್ಟೆಯ ನವಿರನ್ನು ಸವರುವುದು ನೆಲದ ಹುಲ್ಲನ್ನೇಕೆ ಸವರಬಾರದು ಎಂದು ಎಡ್ವಿನ್ ಬಿಯರ್ಡ್ ಬಡ್ಡಿಂಗ್ ಎಂಬ ಕುಶಲಕರ್ಮಿ ಯೋಚಿಸಿದನು. 1830ರಲ್ಲಿ ತನ್ನ ಹುಲ್ಲಿನ ಯಂತ್ರಕ್ಕೆ ಪೇಟೆಂಟು ಪಡೆದನು.

ಬಡ್ಡಿಂಗನ ಯಂತ್ರ ಕತ್ತರಿಯ ಜಾತಿಯದು. ಉರುಳೆಯ ಮೇಲಿನ ಅಲಗು, ಕೆಳಗಿನ ಕದಲದ ಅಲಗಿಗೆ ಹುಲ್ಲನ್ನು ಒತ್ತಿ ಕತ್ತರಿಸುತ್ತದೆ. ಗಾಲ್ಫ್ ಆಟದ ನುಣುಪಾದ ಹಸಿರಿಗೆ ಇಂದಿಗೂ ಇದೇ ಬಗೆಯದನ್ನು ಬಳಸುತ್ತಾರೆ. ವಿಶಾಲವಾದ ಬಯಲಿಗೆ ಬಳಸುವ ಸವಾರಿ ಯಂತ್ರದ ಜಾತಿ ಸಾಮಾನ್ಯವಾಗಿ ಬೇರೆ. ಅದರ ಹೊಟ್ಟೆಯ ಕೆಳಗೆ, ಬೋರಲು ಹಾಕಿದ ದೊಡ್ಡ ಪರಾತದಂತೆ, ಉಕ್ಕಿನ ತಗಡಿನ ಪೆಟ್ಟಿಗೆಯೊಂದು ತೂಗುತ್ತದೆ. ಇದೇ ಡೆಕ್ಕು. ಇದರೊಳಗೆ ಎರಡು ಅಥವಾ ಮೂರು ಸ್ಪಿಂಡಲುಗಳು, ಒಂದೊಂದರ ತುದಿಗೆ ನೆಲಕ್ಕೆ ಸಮನಾಗಿ ತಿರುಗುವ ಉದ್ದನೆಯ ಅಲಗು. ಇಲ್ಲಿ ಎದುರು ಅಲಗಿಲ್ಲ. ಹುಲ್ಲು ತುಂಡಾಗುವುದು ಬರಿಯ ವೇಗದಿಂದ.

ಆ ವೇಗ ಎಷ್ಟೆಂದು ಲೆಕ್ಕ ಹಾಕಿ ನೋಡೋಣ. 60 ಇಂಚಿನ ಡೆಕ್ಕಿನಲ್ಲಿ ಸುಮಾರು 21 ಇಂಚಿನ ಮೂರು ಅಲಗುಗಳಿರುತ್ತವೆ. 21 ಇಂಚೆಂದರೆ 53 ಸೆಂಟಿಮೀಟರಿಗೆ ಸ್ವಲ್ಪ ಹೆಚ್ಚು. ಅಲಗಿನ ತುದಿ ಒಂದು ಸುತ್ತಿಗೆ ಸುಮಾರು 1.68 ಮೀಟರು ದಾರಿ ಸವೆಸುತ್ತದೆ. ನಿಮಿಷಕ್ಕೆ 3,400 ಸುತ್ತು ಎಂದಿಟ್ಟುಕೊಂಡರೆ ಸೆಕೆಂಡಿಗೆ 95 ಮೀಟರು, ಅಂದರೆ ಗಂಟೆಗೆ ಸುಮಾರು 340 ಕಿಲೋಮೀಟರು. ಯಂತ್ರ ಎತ್ತಿನ ಗಾಡಿಯಂತೆ ಮೆಲ್ಲಗೆ ಸಾಗುತ್ತಿದ್ದರೂ ತಗಡಿನ ಕೆಳಗೆ ಈ ವೇಗ ಅಡಗಿರುತ್ತದೆ. ಅದು ಕಣ್ಣಿಗೆ ಕಾಣುವುದಿಲ್ಲ. ಈ ಪಾಠದ ಎಲ್ಲ ನಿಯಮಗಳೂ ಈ ಒಂದು ಮಾತಿನಿಂದಲೇ ಹೊರಡುತ್ತವೆ.

2. ಮುಟ್ಟುವ ಮೊದಲು

ಡೆಕ್ಕಿಗೆ ಕೈ ಹಾಕುವ ಯಾವ ಕೆಲಸಕ್ಕೂ ಕ್ರಮ ಒಂದೇ. ಯಂತ್ರವನ್ನು ಸಮನೆಲದಲ್ಲಿ ನಿಲ್ಲಿಸಿ. ಅಲಗು ತಿರುಗಿಸುವ ಗುಂಡಿಯನ್ನು ಬಂದ್ ಮಾಡಿ. ಕೈಪಿಡಿಯಲ್ಲಿ ಇದನ್ನು ಪಿ.ಟಿ.ಓ. ಎಂದು ಬರೆದಿರುತ್ತದೆ. ನಿಲುಗಡೆ ಬ್ರೇಕು ಹಾಕಿ. ಎಂಜಿನನ್ನು ನಿಲ್ಲಿಸಿ. ಕೀಲಿಕೈ ತೆಗೆದು ಜೇಬಿಗೆ ಹಾಕಿ. ಅಲಗು ಪೂರ್ತಿ ನಿಲ್ಲುವವರೆಗೆ ಆಸನದಲ್ಲೇ ಕುಳಿತಿರಿ. ಪೆಟ್ರೋಲ್ ಯಂತ್ರವಾದರೆ ಸ್ಪಾರ್ಕ್ ಪ್ಲಗ್ಗಿನ ತಂತಿಯನ್ನೂ ಕಳಚಿಡಿ. ಕೀಲಿಕೈ ಯಂತ್ರದಲ್ಲೇ ಇದ್ದರೆ, ನೀವು ಕೆಳಗೆ ಬಗ್ಗಿರುವುದನ್ನು ನೋಡದೆ ಇನ್ನೊಬ್ಬನು ಬಂದು ತಿರುಗಿಸಿಯಾನು. ಅವನಲ್ಲಿ ಕೇಡಿಲ್ಲ, ಆದರೆ ಕೈ ನಿಮ್ಮದು.

ಡೆಕ್ಕನ್ನು ಎತ್ತಿ ಕೆಳಗೆ ನೋಡಬೇಕಾದಾಗ ಜಾಕನ್ನು ಮಾತ್ರ ನಂಬಕೂಡದು. ಜಾಕು ಎತ್ತುವುದಕ್ಕೆ, ಹೊರುವುದಕ್ಕೆ ಗಟ್ಟಿಯಾದ ಸ್ಟ್ಯಾಂಡು ಬೇರೆ ಇಡಬೇಕು. ಕೈಗೆ ದಪ್ಪ ಗವಸು ಇರಲಿ. ಇನ್ನೊಂದು ಮಾತು: ಸಾಮಾನ್ಯವಾಗಿ ಒಂದೇ ಬೆಲ್ಟು ಎಲ್ಲ ಸ್ಪಿಂಡಲುಗಳನ್ನೂ ಸುತ್ತಿರುತ್ತದೆ. ಈ ಕಡೆಯ ಅಲಗನ್ನು ಕೈಯಿಂದ ತಿರುಗಿಸಿದರೆ ಆ ಕಡೆಯದೂ ತಿರುಗುತ್ತದೆ. ಆದುದರಿಂದ ಇಬ್ಬರು ಒಟ್ಟಿಗೆ ಡೆಕ್ಕಿನ ಕೆಳಗೆ ಕೈಯಿಡಬಾರದು.

3. ಅಲಗಿನ ಪರೀಕ್ಷೆ

ಅಲಗು ಮೊಂಡಾದರೆ ಹುಲ್ಲನ್ನು ಕತ್ತರಿಸುವುದಿಲ್ಲ, ಹರಿಯುತ್ತದೆ. ಹರಿದ ತುದಿ ಎರಡು ದಿನದಲ್ಲಿ ಕಂದಾಗಿ ಮೈದಾನವೆಲ್ಲ ಬಾಡಿದಂತೆ ಕಾಣುತ್ತದೆ. ಹರಿತ ಮಾಡುವಾಗ ಮೊದಲಿದ್ದ ಓರೆಯನ್ನೇ ಉಳಿಸಿ, ಎರಡು ತುದಿಗಳಿಂದಲೂ ಸಮನಾಗಿ ಸವೆಸಬೇಕು. ಸಾಣೆಕಲ್ಲಿನ ಮುಂದೆ ಕನ್ನಡಕ ಹಾಕಿಕೊಳ್ಳಿ. ಕಬ್ಬಿಣ ನೀಲಿ ಬಣ್ಣಕ್ಕೆ ತಿರುಗುವಷ್ಟು ಕಾಯಿಸಬೇಡಿ, ಹದ ಕೆಡುತ್ತದೆ.

ಆ ಬಳಿಕ ತೂಕ ನೋಡಬೇಕು. ಗೋಡೆಗೆ ಮೊಳೆ ಹೊಡೆದು ಅಲಗಿನ ನಡುವಿನ ತೂತನ್ನು ಅದಕ್ಕೆ ಸಿಕ್ಕಿಸಿ. ಒಂದು ತುದಿ ಕೆಳಗಿಳಿದರೆ ಅದು ಭಾರವೆಂದು ತಿಳಿದು ಆ ಕಡೆಯನ್ನು ಇನ್ನಷ್ಟು ಸವೆಸಿ. ತಕ್ಕಡಿಯ ದಂಡದಂತೆ ನೇರ ನಿಂತರೆ ಸರಿ. ಹತ್ತು ಗ್ರಾಮಿನಿಂದ ಏನಾದೀತು ಎಂದು ಕೇಳುವವರುಂಟು. ಮೇಲೆ ಹೇಳಿದ ಅಲಗಿನ ಒಂದು ತುದಿಯಲ್ಲಿ 10 ಗ್ರಾಂ ಹೆಚ್ಚಾದರೆ, ಪೂರ್ಣ ವೇಗದಲ್ಲಿ ಅದು ಸುಮಾರು 34 ಕಿಲೋ ಭಾರ ಜಗ್ಗಿದಷ್ಟು ಬಲದಿಂದ ಸ್ಪಿಂಡಲನ್ನು ಜಗ್ಗುತ್ತದೆ. ಅದೂ ಸೆಕೆಂಡಿಗೆ 56 ಸಲ ದಿಕ್ಕು ಸುತ್ತುತ್ತಾ. ಬೇರಿಂಗು ಸವೆಯುವುದು, ಬೋಲ್ಟು ಸಡಿಲುವುದು, ತಗಡು ಬಿರಿಯುವುದು ಹೀಗೆ. ಯಂತ್ರ ಎಂದಿಗಿಂತ ಹೆಚ್ಚು ನಡುಗತೊಡಗಿದರೆ ಅದು ನಿಮಗೆ ಹೇಳುತ್ತಿರುವ ಮಾತೆಂದು ತಿಳಿದು ಕೂಡಲೆ ನಿಲ್ಲಿಸಿ ನೋಡಿ.

ಬಾಗಿದ ಅಲಗನ್ನು ಸುತ್ತಿಗೆಯಿಂದ ನೆಟ್ಟಗೆ ಮಾಡುವುದಾಗಲಿ, ಬಿರುಕನ್ನು ವೆಲ್ಡಿಂಗ್ ಮಾಡುವುದಾಗಲಿ ಸರ್ವಥಾ ಕೂಡದು. ಅಂತಹ ತುಂಡು ಹಾರಿಬಂದರೆ ಅದು ಅಲಗಲ್ಲ, ಗುಂಡು. ಎಸೆದು ಹೊಸದನ್ನು ತರಿಸಬೇಕು. ಜೋಡಿಸುವಾಗ ಅಲಗಿನ ಹಿಂಬದಿಯ ಎತ್ತಿದ ರೆಕ್ಕೆ ಡೆಕ್ಕಿನ ಕಡೆಗೆ, ಅಂದರೆ ಮೇಲಕ್ಕೆ ಇರಬೇಕು. ಹುಲ್ಲನ್ನು ಎತ್ತಿ ನಿಲ್ಲಿಸುವ ಗಾಳಿ ಹುಟ್ಟುವುದು ಆ ರೆಕ್ಕೆಯಿಂದ. ಬೋಲ್ಟನ್ನು ಕೈಪಿಡಿ ಹೇಳಿದಷ್ಟೇ ಬಿಗಿಯಬೇಕು. ಇದಕ್ಕೆ ಬಿಗಿತ ಅಳೆಯುವ ಪಾನಾ ಬೇಕು, ಅಂದಾಜು ಸಾಲದು.

4. ಡೆಕ್ಕನ್ನು ಸಮ ಮಾಡುವುದು

ಮೊದಲು ಟಯರುಗಳ ಗಾಳಿ. ಎಡಬಲ ಗಾಳಿ ಸಮನಿಲ್ಲದಿದ್ದರೆ ಯಂತ್ರವೇ ವಾಲುತ್ತದೆ. ಆಗ ಡೆಕ್ಕನ್ನು ಎಷ್ಟು ತಿದ್ದಿದರೂ ವ್ಯರ್ಥ. ಕೈಪಿಡಿಯಲ್ಲಿರುವಷ್ಟು ಗಾಳಿ ತುಂಬಿ, ಸಮನಾದ ಕಾಂಕ್ರೀಟು ನೆಲದ ಮೇಲೆ ಯಂತ್ರವನ್ನು ನಿಲ್ಲಿಸಿ, ನೀವು ಹುಲ್ಲು ಕತ್ತರಿಸುವ ಎತ್ತರಕ್ಕೇ ಡೆಕ್ಕನ್ನು ಇಳಿಸಿ.

ಮೊದಲನೆಯದು ಎಡಬಲದ ಅಳತೆ. ಅಲಗುಗಳನ್ನು ಅಡ್ಡಲಾಗಿ ತಿರುಗಿಸಿ, ಎಡಗಡೆಯ ಕೊನೆಯ ತುದಿಯಿಂದ ನೆಲಕ್ಕೆ ಎಷ್ಟು, ಬಲಗಡೆಯ ಕೊನೆಯ ತುದಿಯಿಂದ ನೆಲಕ್ಕೆ ಎಷ್ಟು ಎಂದು ಅಳೆಯಿರಿ. ವ್ಯತ್ಯಾಸ ಒಂದು ಸೂತಿಗಿಂತ, ಅಂದರೆ ಇಂಚಿನ ಎಂಟನೆಯ ಒಂದು ಪಾಲಿಗಿಂತ, ಹೆಚ್ಚಿರಬಾರದು. ಹೆಚ್ಚಿದ್ದರೆ ಕತ್ತರಿಸಿದ ಮೈದಾನದಲ್ಲಿ ಮೆಟ್ಟಿಲಿನಂತೆ ಗೆರೆ ಬೀಳುತ್ತದೆ.

ಎರಡನೆಯದು ಹಿಂದುಮುಂದಿನ ಅಳತೆ. ಅಲಗುಗಳನ್ನು ಉದ್ದಕ್ಕೆ ತಿರುಗಿಸಿ ನೋಡಿದರೆ ಮುಂದಿನ ತುದಿ ಹಿಂದಿನದಕ್ಕಿಂತ ಒಂದರಿಂದ ಎರಡು ಸೂತು ತಗ್ಗಿರಬೇಕು. ಕಾರಣವುಂಟು. ಮುಂದಿನ ತುದಿ ತಗ್ಗಿದ್ದರೆ ಹುಲ್ಲು ಒಂದೇ ಏಟಿಗೆ ತುಂಡಾಗಿ ಹೊರಹೋಗುತ್ತದೆ. ಹಿಂದಿನದು ತಗ್ಗಿದ್ದರೆ ಕತ್ತರಿಸಿದ ಹುಲ್ಲನ್ನೇ ಮತ್ತೊಮ್ಮೆ ಕತ್ತರಿಸುತ್ತದೆ. ಎಂಜಿನ್ನಿಗೆ ಹೊರೆ, ಎಣ್ಣೆಗೆ ದಂಡ. ಕೆಲವು ಕಂಪನಿಗಳ ಅಳತೆ ತುಸು ಬೇರೆ ಇರುವುದರಿಂದ ಕೈಪಿಡಿಯ ಮಾತೇ ಕೊನೆಯದು. ಡೆಕ್ಕನ್ನು ತೂಗಿಸಿರುವ ಸಲಾಕಿ ಅಥವಾ ಸರಪಳಿಗಳ ನಟ್ಟನ್ನು ಸ್ವಲ್ಪ ಸ್ವಲ್ಪವಾಗಿ ತಿರುಗಿಸಿ, ಪ್ರತಿ ಸಲವೂ ಅಳೆದು ಸರಿಮಾಡಿ.

ಡೆಕ್ಕಿನ ಅಂಚಿನ ಸಣ್ಣ ಗಾಲಿಗಳು ಡೆಕ್ಕನ್ನು ಹೊರುವುದಕ್ಕಲ್ಲ. ಅವು ಸಮನೆಲದಲ್ಲಿ ನೆಲ ಮುಟ್ಟದೆ ತುಸು ಮೇಲಿದ್ದು, ದಿಬ್ಬ ಬಂದಾಗ ಮಾತ್ರ ತಾಗಿ ಅಲಗು ಮಣ್ಣಿಗಿಳಿಯದಂತೆ ಕಾಯಬೇಕು. ಕೊನೆಗೆ ಬೆಲ್ಟಿನ ಬಿರುಕು ನೋಡಿ, ಸ್ಪಿಂಡಲಿಗೆ ಗ್ರೀಸು ತುಂಬಿ, ಡೆಕ್ಕಿನೊಳಗೆ ಅಂಟಿದ ಹಳೆಯ ಹುಲ್ಲನ್ನು ಕೆರೆದು ತೆಗೆಯಿರಿ. ಕಳಚಿದ ಮುಚ್ಚಳಗಳೆಲ್ಲ ಮರಳಿ ಅದರದರ ಜಾಗಕ್ಕೆ ಬರಲಿ.

5. ಮೈದಾನಕ್ಕೆ ಇಳಿದಾಗ

ಯಂತ್ರ ಓಡಿಸುವ ಮೊದಲು ಮೈದಾನವನ್ನು ಒಮ್ಮೆ ನಡೆದು ನೋಡಿ. ಕಲ್ಲು, ತಂತಿ, ಬಾಟಲಿ, ಎಲುಬು, ಹಳೆಯ ಚೆಂಡು, ನೀರಿನ ನಳಿಗೆ ಎಲ್ಲವನ್ನೂ ಹೆಕ್ಕಿ ತೆಗೆಯಿರಿ ಅಥವಾ ಗುರುತು ಮಾಡಿ. ಹುಲ್ಲು ಹೊರಬೀಳುವ ಬಾಯಿಗೆ ಇಳಿಬಿಟ್ಟ ಮುಚ್ಚಳವಿರುತ್ತದೆ. ಹುಲ್ಲು ಸರಾಗವಾಗಿ ಬೀಳಲೆಂದು ಅದನ್ನು ಎತ್ತಿ ಕಟ್ಟುವವರಿದ್ದಾರೆ. ಕಲ್ಲು ನೇರ ಎದುರಿನವನ ಕಣ್ಣಿಗೆ ಹೋಗಲು ಬಾಗಿಲು ತೆರೆದಿಟ್ಟಂತೆ ಆಯಿತು. ಆ ಬಾಯಿಯನ್ನು ಎಂದೂ ಜನರ ಕಡೆಗೆ, ರಸ್ತೆಯ ಕಡೆಗೆ ತಿರುಗಿಸಬೇಡಿ. ಯಾರಾದರೂ, ಅದರಲ್ಲೂ ಮಕ್ಕಳು, ಹತ್ತಿರ ಬಂದರೆ ಅಲಗು ನಿಲ್ಲಿಸಿ. ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ಒಂದು ಸುತ್ತು ಹಾಕುವುದು ಅಕ್ಕರೆಯಲ್ಲ, ಅಪಾಯ. ಹಿಂದಕ್ಕೆ ಓಡಿಸಬೇಕಾದರೆ ಅಲಗು ಬಂದ್ ಮಾಡಿ, ಕತ್ತು ಹೊರಳಿಸಿ ನೆಲದವರೆಗೆ ನೋಡಿ.

ಇಳಿಜಾರು ಎರಡನೆಯ ಶತ್ರು. ಬಹಳಷ್ಟು ಕೈಪಿಡಿಗಳು 15 ಡಿಗ್ರಿಗಿಂತ ಕಡಿದಾದ ಕಡೆ ಹೋಗಬಾರದೆನ್ನುತ್ತವೆ. ಕೆಲವು ಇನ್ನೂ ಕಡಿಮೆ ಹೇಳುತ್ತವೆ. ಡಿಗ್ರಿ ಅಳೆಯುವುದು ಸುಲಭ. ಒಂದು ಮೀಟರು ಉದ್ದದ ನೇರ ಕೋಲಿನ ಒಂದು ತುದಿಯನ್ನು ಇಳಿಜಾರಿನ ಮೇಲ್ಗಡೆಗೆ ತಾಗಿಸಿ, ಕೋಲನ್ನು ರಸಮಟ್ಟ ಇಟ್ಟು ಸಮನಾಗಿ ಹಿಡಿಯಿರಿ. ಇನ್ನೊಂದು ತುದಿಯಿಂದ ನೆಲಕ್ಕೆ ಸುಮಾರು 27 ಸೆಂಟಿಮೀಟರಾದರೆ ಅದು 15 ಡಿಗ್ರಿ. ಅದಕ್ಕಿಂತ ಹೆಚ್ಚಾದರೆ ಆ ಜಾಗವನ್ನು ಕೈಯಂತ್ರಕ್ಕೆ ಬಿಡಿ. ಮಳೆ ಬಿದ್ದ ಹುಲ್ಲಿನಲ್ಲಿ 27 ಸೆಂಟಿಮೀಟರೂ ಹೆಚ್ಚೇ; ಚಕ್ರ ಜಾರಿದರೆ ಬ್ರೇಕು ಕೇಳುವುದಿಲ್ಲ. ಕಾಲುವೆ, ಕೊಳ, ತಡೆಗೋಡೆಯ ಅಂಚಿನಿಂದ ಸಾಕಷ್ಟು ದೂರವಿರಿ. ಆಸನದ ಹಿಂದಿನ ಉಕ್ಕಿನ ಕಮಾನು ಎತ್ತಿ ನಿಂತಿರುವಾಗ ಸೊಂಟದ ಪಟ್ಟಿ ಕಟ್ಟಲೇಬೇಕು. ಯಂತ್ರ ಉರುಳಿದರೆ ಕಮಾನಿನ ಆಸರೆಯೊಳಗೆ ನಿಮ್ಮನ್ನು ಹಿಡಿದಿಡುವುದು ಆ ಪಟ್ಟಿಯೇ. ಕಮಾನನ್ನು ಮಡಚಿದ್ದಾಗ ಪಟ್ಟಿ ಕಟ್ಟಬಾರದು.

ಎಷ್ಟು ಕತ್ತರಿಸಬೇಕೆಂಬುದಕ್ಕೆ ಹಳೆಯ ಸೂತ್ರವೊಂದುಂಟು: ಒಂದು ಸಲಕ್ಕೆ ಮೂರನೆಯ ಒಂದು ಪಾಲಿಗಿಂತ ಹೆಚ್ಚು ಬೇಡ. ಎರಡು ಇಂಚು ಉಳಿಸಬೇಕಾದರೆ ಮೂರು ಇಂಚು ಬೆಳೆದಾಗಲೇ ಕತ್ತರಿಸಿ. ಇದರಿಂದ ಹುಲ್ಲಿಗೂ ಸುಖ, ಡೆಕ್ಕು ಕಟ್ಟಿಕೊಳ್ಳುವುದೂ ಕಡಿಮೆ.

6. ಡೆಕ್ಕು ಕಟ್ಟಿಕೊಂಡಾಗ

ಮಳೆಗಾಲದ ಹಸಿ ಹುಲ್ಲು ಬಾಯಿಗೆ ಅಡರಿ ನಿಲ್ಲುತ್ತದೆ. ಹೊತ್ತು ಏರುತ್ತಿರುತ್ತದೆ, ಸಂಜೆ ಪಂದ್ಯವಿರುತ್ತದೆ, ಸೂಪರ್‌ವೈಸರು ಕೂಗುತ್ತಿರುತ್ತಾನೆ. ‘ಒಂದೇ ಕ್ಷಣ’ ಎಂದು ಕೈ ಹಾಕುವುದು ಇಲ್ಲಿಯೇ. ಗುಂಡಿ ಬಂದ್ ಮಾಡಿದ ಮೇಲೂ ಅಲಗು ಕೆಲವು ಸೆಕೆಂಡು ತನ್ನ ವೇಗದಿಂದಲೇ ತಿರುಗುತ್ತಿರುತ್ತದೆ. ಅದರ ಸದ್ದು ಎಂಜಿನ್ನಿನ ಸದ್ದಿನಲ್ಲಿ ಕೇಳಿಸುವುದಿಲ್ಲ. ಆದುದರಿಂದ ಎರಡನೆಯ ಪಾಠದ ಕ್ರಮವನ್ನು ಮೊದಲಿನಿಂದ ಕೊನೆಯವರೆಗೆ ನಡೆಸಿ, ಅನಂತರವೂ ಕೈಯಿಂದಲ್ಲದೆ ಕೋಲಿನಿಂದ ಹುಲ್ಲನ್ನು ಬಿಡಿಸಿ. ಎಲ್ಲ ಸೇರಿ ಎರಡು ನಿಮಿಷ. ಯಾವ ಪಂದ್ಯವೂ ಎರಡು ನಿಮಿಷಕ್ಕೆ ನಿಲ್ಲುವುದಿಲ್ಲ.

ಆಸನದ ಕೆಳಗೊಂದು ಸ್ವಿಚ್ಚಿದೆ. ಅಲಗು ತಿರುಗುತ್ತಿರುವಾಗ ಸವಾರನು ಎದ್ದರೆ ಅದು ಅಲಗನ್ನು ತಾನಾಗಿ ನಿಲ್ಲಿಸುತ್ತದೆ. ಕುಳಿತೇಳುವುದಕ್ಕೆ ತೊಂದರೆಯೆಂದು ಅದನ್ನು ತಂತಿಯಿಂದ ಕಟ್ಟಿಬಿಡುವ ಜಾಣರಿದ್ದಾರೆ. ಗಿರಣಿಯಲ್ಲಿ ದುಡಿದವರಿಗೆ ಗೊತ್ತು, ಬೆಲ್ಟಿನ ಮೇಲಿನ ಜಾಲರಿ ಕಳಚಿಟ್ಟ ದಿನವೇ ಯಾರದಾದರೂ ತೋಳು ಅದಕ್ಕೆ ಸಿಗುತ್ತದೆ. ಕಟ್ಟಿದ ಸ್ವಿಚ್ಚಿನ ಯಂತ್ರವನ್ನು ನಿಮಗೆ ಕೊಟ್ಟರೆ, ಓಡಿಸುವ ಮೊದಲು ಅದನ್ನು ಸರಿಮಾಡಿಸಬೇಕೆಂದು ಮೇಲಿನವರಿಗೆ ಸಮಾಧಾನದಿಂದ ಹೇಳಿ. ಸಾಧ್ಯವಾದರೆ ಎರಡು ಸಾಲು ಬರೆದುಕೊಡಿ. ಕೈಪಿಡಿಯನ್ನು ಕೇಳಿ ಪಡೆಯಲು ಸಂಕೋಚ ಬೇಡ. ಇಂಗ್ಲಿಷು ತೊಡಕಾದರೆ ಇಂಗ್ಲಿಷು ಬಲ್ಲ ಗೆಳೆಯನೊಡನೆ ಕುಳಿತು ಓದಿಸಿಕೊಳ್ಳಿ. ನಮ್ಮ ವಾಚನಾಲಯದ ಮೇಜು ಅದಕ್ಕೂ ಇದೆ.

ನೆನಪಿಡತಕ್ಕ ಮಾತುಗಳು

(ಅ) ಅಲಗು ಕತ್ತರಿಸುವುದು ವೇಗದಿಂದ. ಆ ವೇಗ ಕಣ್ಣಿಗೆ ಕಾಣದು.
(ಆ) ಮೊದಲು ಟಯರಿನ ಗಾಳಿ, ಆಮೇಲೆ ಎಡಬಲ, ಆಮೇಲೆ ಹಿಂದುಮುಂದು.
(ಇ) ಬಾಗಿದ, ಬಿರಿದ ಅಲಗಿಗೆ ದುರಸ್ತಿಯಿಲ್ಲ.
(ಈ) ಬಾಯಿಯ ಮುಚ್ಚಳವನ್ನೂ ಆಸನದ ಸ್ವಿಚ್ಚನ್ನೂ ಕಟ್ಟಿದ ಯಂತ್ರ ಓಡಿಸತಕ್ಕ ಯಂತ್ರವಲ್ಲ.
(ಉ) ಬಿಸಿ ಎಂಜಿನ್ನಿಗೆ ಪೆಟ್ರೋಲು ಹಾಕಬಾರದು. ಮುಚ್ಚಿದ ಶೆಡ್ಡಿನಲ್ಲಿ ಎಂಜಿನು ಓಡಿಸಿಡಬಾರದು, ಹೊಗೆಯ ವಿಷ ವಾಸನೆಯಿಲ್ಲದೆ ಕೊಲ್ಲುತ್ತದೆ.
(ಊ) ಕೈ ಡೆಕ್ಕಿನ ಕೆಳಗಿರುವಾಗ ಕೀಲಿಕೈ ಜೇಬಿನಲ್ಲಿರಬೇಕು.

ಉಳಿದದ್ದೆಲ್ಲ ಮರೆತರೂ ಕೊನೆಯ ಮಾತೊಂದನ್ನು ಮರೆಯಬೇಡಿ.